ಕೊನೆಕೊಯ್ಲಿನ ನಡುವೆ ಒಂದು ತಿರುಗಾಟ

ಮಲೆನಾಡಿನಲ್ಲಿ ನಾಟಕಕ್ಕೆ ಮುಹೂರ್ತ ಇಡುವುದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಲ್ಲಿ ಚಪ್ಪರದ ಮಾತೇ ಇಲ್ಲ. ಮಳೆ ಬಿಟ್ಟಿತೋ, ಕೊನೆಕೊಯ್ಲು, ಅಡಿಕೆ ಸುಲಿತ, ಬೇಯಿಸುವ ಹಂಡೆ. ಇವೆಲ್ಲದರ ನಡುವೆ ಬಿಡುವಾದ ರಾತ್ರಿಗಳು ಆಟಕ್ಕೆ. ಯಕ್ಷಗಾನ ಮೇಳದವರು ದೀಪಾವಳಿಯ ಆಚೀಚೆ ಗೆಜ್ಜೆ ಕಟ್ಟಿದರೆ ಬಿಚ್ಚುವುದು ಬೇಸಿಗೆಯ ಕೊನೆಗೆ, ತುಳುನಾಡಿನಲ್ಲಾದರೆ ಪತ್ತನಾಜೆಗೆ. ಆ ನಡುವಿನ ಅಲೆತಕ್ಕೆ ಅವರ ಬಾಯಲ್ಲಿ ತಿರುಗಾಟ ಎಂದು ಹೆಸರು. 1985ರಲ್ಲಿ ಹೆಗ್ಗೋಡಿನ ನೀನಾಸಮ್ ಊರೂರಿಗೆ ನಾಟಕ ಒಯ್ಯುವ ತಂಡವೊಂದನ್ನು ಕಟ್ಟಿದಾಗ ಅದಕ್ಕೂ ಇದೇ ಹೆಸರಿಟ್ಟರು. ಹೊಸ ಹೆಸರು ಹುಡುಕುವ ಚಟಕ್ಕೆ ಬೀಳದ್ದು ಒಳ್ಳೆಯದಾಯಿತು.

ಸಂಘದ ಪೂರ್ತಿ ಹೆಸರು ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಊರ ದೇವರ ಹೆಸರಿನಲ್ಲಿ ಊರ ಹುಡುಗರು 1949ರಲ್ಲಿ ಕಟ್ಟಿದ್ದು. ಮುಂದೆ ಅದರ ಬೆನ್ನೆಲುಬಾದ ಕುಂಟಗೋಡು ವಿಭೂತಿ ಸುಬ್ಬಣ್ಣನವರಿಗೆ ಆಗ ಹದಿನೇಳರ ಆಸುಪಾಸು. ಅಂಥ ಸಂಘಗಳು ಎಲ್ಲ ಕಡೆಯೂ ಹುಟ್ಟುತ್ತಿದ್ದವು. ಸ್ತ್ರೀಪಾತ್ರದ ಹುಡುಗನಿಗೆ ಮೀಸೆ ಮೂಡಿದರೆ, ಹಾರ್ಮೋನಿಯಮ್ ಮೇಷ್ಟ್ರಿಗೆ ವರ್ಗವಾದರೆ, ಖಜಾಂಚಿಗೂ ಕಾರ್ಯದರ್ಶಿಗೂ ಮಾತು ಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮೂರಿನದು ಮುಗಿದದ್ದೂ ಹಾಗೆಯೇ. ಹೆಗ್ಗೋಡಿನದು ಮಾತ್ರ 2024ಕ್ಕೆ ಎಪ್ಪತ್ತೈದು ತುಂಬಿಸಿಕೊಂಡಿತು.

ಹೇಗೆ ಉಳಿಯಿತು ಎಂದು ಕೇಳಿದವರಿಗೆಲ್ಲ ಪ್ರಶಸ್ತಿಗಳ ಪಟ್ಟಿ ಸಿಗುತ್ತದೆ. 1991ರ ಮ್ಯಾಗ್ಸೆಸೆ ಅದರಲ್ಲಿ ಮೊದಲನೆಯದು. ನನಗೆ ತೋರುವ ಉತ್ತರ ಬೇರೆ. ಅವರು ನಟರಿಗಿಂತ ಮೊದಲು ನೋಡುವವರನ್ನು ತಯಾರು ಮಾಡಿಕೊಂಡರು. 1972ರಲ್ಲಿ ಅಡಿಕೆ ತೋಟಗಳ ನಡುವೆ ಒಂದು ರಂಗಮಂದಿರ ಎದ್ದಿತು. ಅದಕ್ಕೆ ಶಿವರಾಮ ಕಾರಂತರ ಹೆಸರು. ಕಾರಂತರು ಆಗ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದವರು. ಬದುಕಿರುವವರ ಹೆಸರನ್ನು ಕಟ್ಟಡಕ್ಕೆ ಇಡುವುದು ನಮ್ಮಲ್ಲಿ ಸಾಮಾನ್ಯವಾಗಿ ಮಂತ್ರಿಗಳಿಗೆ ಸಲ್ಲುವ ಮರ್ಯಾದೆ! ಮರುವರ್ಷ ಚಿತ್ರಸಮಾಜ ಬಂತು. ಪುಣೆಯಿಂದ ಸತೀಶ್ ಬಹಾದುರ್ ಬಂದು ಸಿನಿಮಾ ನೋಡುವುದನ್ನು ಕಲಿಸಿಕೊಟ್ಟರು. ರೇ ಅವರ ಬಂಗಾಳಿಯನ್ನೂ ಡಿ ಸಿಕಾನ ಇಟಾಲಿಯನ್ನನ್ನೂ ತೋಟದ ಕೆಲಸ ಮುಗಿಸಿ ಬಂದವರು ಕೂತು ನೋಡಿದರು. ಭಾಷೆ ಬಾರದ್ದು ಅಡ್ಡಿಯಾಗಲಿಲ್ಲ. ರಾತ್ರಿಯಿಡೀ ತಾಳಮದ್ದಲೆ ಕೂತು ಕೇಳುವ ಜನಕ್ಕೆ ತಾಳ್ಮೆಯ ಪಾಠ ಹೊಸದಾಗಿ ಬೇಕಿರಲಿಲ್ಲ.

1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದ ಚಿದಂಬರರಾವ್ ಜಂಬೆಯವರು ಅದರ ಮೊದಲ ಪ್ರಾಂಶುಪಾಲರು. ಆಮೇಲಿನ ಜನಸ್ಪಂದನ ಯೋಜನೆಯಲ್ಲಿ ತರಬೇತಾದವರು ಹಳ್ಳಿಗಳಿಗೆ ಹೋಗಿ ಅಲ್ಲಿಯವರ ಕೈಲೇ ನಾಟಕ ಆಡಿಸಿದರು. ಆಫ್ರಿಕಾದಿಂದ ಬಂದವರ ಸಂತತಿಯಾದ ಉತ್ತರ ಕನ್ನಡದ ಸಿದ್ದಿಗಳು ಚಿನುವಾ ಅಚೆಬೆಯ ಕಾದಂಬರಿಯನ್ನು ನಾಟಕವಾಗಿ ಆಡಿದ್ದು ಆ ದಿನಗಳಲ್ಲೇ. ನೀನಾಸಮ್‌ನ ಚರಿತ್ರೆಯಲ್ಲಿ ನನಗೆ ಒಂದೇ ಒಂದು ರಾತ್ರಿ ಆರಿಸಿಕೊಳ್ಳಿ ಎಂದರೆ ಅದನ್ನೇ ಆರಿಸುತ್ತೇನೆ. ನಾನು ಅಲ್ಲಿರಲಿಲ್ಲ, ಅದೇ ಸಂಕಟ.

ತಿರುಗಾಟದ ಲೆಕ್ಕ ಸರಳ. ಒಂದಿಷ್ಟು ನಟನಟಿಯರು, ತಂತ್ರಜ್ಞರು. ವರ್ಷಕ್ಕೆ ಎರಡು ಮೂರು ನಾಟಕ. ಮಳೆಗಾಲದಲ್ಲಿ ತಾಲೀಮು, ಆಮೇಲೆ ನೂರಕ್ಕೂ ಮಿಕ್ಕ ಪ್ರದರ್ಶನ. ರಾಜನಾದವನೇ ಲಾರಿಯಿಂದ ಕಬ್ಬಿಣದ ಪೈಪು ಇಳಿಸಬೇಕು. ಕರೆಸಿಕೊಂಡ ಊರಿನವರು ವೀಳ್ಯ ಕೊಡಬೇಕು, ಊಟ ಹಾಕಬೇಕು, ಮಲಗಲು ಜಾಗ ತೋರಿಸಬೇಕು. ನಮ್ಮ ಪಾಲಿಗೆ ಬಂದದ್ದು ಈ ಕೆಲಸ. ಶಾಲೆಯ ಬೆಂಚು ಜೋಡಿಸಿ ವೇದಿಕೆ ಮಾಡಿದ್ದೇವೆ, ಮದುವೆಮನೆಯ ಜಮಖಾನ ತಂದು ಹಾಸಿದ್ದೇವೆ. ಸಂಜೆ ಕರೆಂಟು ಹೋದಾಗ ಲೈನ್‌ಮನ್ ಮನೆ ಮುಂದೆ ಕೈಕಟ್ಟಿ ನಿಂತಿದ್ದೂ ಉಂಟು. ಶೇಕ್ಸ್‌ಪಿಯರ್‌ನ ನಾಟಕಕ್ಕೆ ಟಿಕೆಟು ಮಾರಲು ಹೋದರೆ ಕಿರಾಣಿ ಅಂಗಡಿಯವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ಹಾಡು ಇದೆಯಾ?’

ಇತ್ತು. ಅದೇ ನಮ್ಮನ್ನು ಕಾಪಾಡಿತು. ಹೊಸ ನಾಟಕ ಎಂದರೆ ಬರಿಯ ಮಾತು ಎಂಬ ಅಂಜಿಕೆ ಪ್ರೇಕ್ಷಕರಿಗೆ ಮಾತ್ರವಲ್ಲ, ನಮಗೂ ಇತ್ತು. ಆದರೆ ಹೆಗ್ಗೋಡಿನ ನಾಟಕ ಹಾಡನ್ನು ಕೈಬಿಡಲಿಲ್ಲ. ಸುಬ್ಬಣ್ಣನವರು ಕನ್ನಡಕ್ಕೆ ತಂದ ‘ಸೆಜುವಾನ್ ನಗರದ ಸಾಧ್ವಿ’ ಬ್ರೆಕ್ಟ್‌ನದು. ಬ್ರೆಕ್ಟ್ ಎಂದ ಮೇಲೆ ಹಾಡು ಬಂದೇ ಬರುತ್ತದೆ. ಬ್ರೆಕ್ಟ್ ಆಡಿಸುವುದರಲ್ಲಿ ಪಳಗಿದ ಜರ್ಮನಿಯ ಫ್ರಿಟ್ಜ್ ಬೆನೆವಿಟ್ಜ್ ಕೂಡ ಇಲ್ಲಿಗೆ ಬಂದು ನಾಟಕ ಮಾಡಿಸಿದರು. ಇನ್ನು ಬಿ.ವಿ. ಕಾರಂತರು. ಗುಬ್ಬಿ ಕಂಪನಿಯಲ್ಲಿ ಬೆಳೆದ ಕಿವಿ ಅವರದು. ಗೆರಟೆ, ಕೋಲು, ಡಬ್ಬ, ಏನು ಕೈಗೆ ಸಿಕ್ಕರೂ ಅದು ವಾದ್ಯ. ಪು.ತಿ.ನ. ಅವರ ‘ಗೋಕುಲ ನಿರ್ಗಮನ’ ಓದುವವರ ಕಪಾಟಿನಲ್ಲಿದ್ದ ಗೀತನಾಟಕ. ಅದನ್ನು ಕಾರಂತರು ನೀನಾಸಮ್ ತಂಡದಿಂದ ಆಡಿಸಿದರು. ಕೃಷ್ಣ ಕೊಳಲು ಬಿಟ್ಟು ಮಧುರೆಗೆ ಹೊರಡುವ ಕಥೆ ಯಾರಿಗೆ ಗೊತ್ತಿಲ್ಲ? ಗೊತ್ತಿದ್ದೂ ಆ ಹೊತ್ತಿಗೆ ಗಂಟಲು ಕಟ್ಟುತ್ತದೆ. ಪಂಡಿತರಿಗೆ ಮೀಸಲು ಎಂದುಕೊಂಡಿದ್ದ ಕೃತಿ ಹಾಗೆ ಊರವರ ಕಿವಿಗೆ ಬಿತ್ತು.

ಒಂದು ಮಾತು ನಮ್ಮ ಮೇಲೇ ಹೇಳಿಕೊಳ್ಳಬೇಕು. ಸಿದ್ಧವಾದ ಒಳ್ಳೆಯ ನಾಟಕ ಬಾಗಿಲಿಗೆ ಬರತೊಡಗಿದ ಮೇಲೆ ನಾವು ಬಣ್ಣ ಹಚ್ಚುವುದನ್ನು ಬಿಟ್ಟೆವು. ಪ್ರೇಕ್ಷಕರಾಗಿ ಜಾಣರಾದೆವು, ಕಲಾವಿದರಾಗಿ ಸೋಮಾರಿಗಳಾದೆವು. ಬೆಳಕು ಸರಿಯಿಲ್ಲ, ಎರಡನೇ ದೃಶ್ಯ ಎಳೆಯಿತು ಎಂದು ವಿಮರ್ಶೆ ಮಾಡುತ್ತ ಮನೆಗೆ ನಡೆಯುವವರಲ್ಲಿ ಒಂದು ಕಾಲಕ್ಕೆ ಭೀಮ, ದುಶ್ಶಾಸನರಾಗಿದ್ದವರೂ ಇದ್ದರು. ಊರಲ್ಲೇ ನಾಟಕ ಹುಟ್ಟಬೇಕೆಂಬುದು ಹೆಗ್ಗೋಡಿನವರ ಹಂಬಲ. ಅದನ್ನು ನಾವು ಅರ್ಧ ಮಾತ್ರ ಕೇಳಿಸಿಕೊಂಡೆವು.

2005ರ ಜುಲೈಯಲ್ಲಿ, ಮಳೆಗಾಲದ ನಡುವೆ, ಸುಬ್ಬಣ್ಣನವರು ತೀರಿಕೊಂಡರು. ಆ ವರ್ಷವೂ ಮಳೆ ಬಿಟ್ಟಮೇಲೆ ತಿರುಗಾಟ ಹೊರಟಿತು.

ಈಗಲೂ ಮಳೆ ಹಿಡಿದಿರುವಾಗಲೇ ನಮ್ಮ ಸಮಿತಿ ಒಂದು ಸಂಜೆ ಸೇರುತ್ತದೆ. ಮಂಡಕ್ಕಿ, ಚಾ. ಶಾಲೆಯ ಪರೀಕ್ಷೆ ಯಾವಾಗ, ಮಾರಿಜಾತ್ರೆ ಈ ವರ್ಷವೋ ಮುಂದಿನ ವರ್ಷವೋ, ಕಳೆದ ಸಲ ಉಳಿದ ಸಾಲ ಎಷ್ಟು ಎಂದು ಮಾತಾಗುತ್ತದೆ. ಹೆಗ್ಗೋಡಿಗೆ ಫೋನು ಮಾಡುವ ಮೊದಲು ಒಬ್ಬರು ಎದ್ದು ಹೋಗಿ ಅಡಿಕೆ ಕೊನೆ ಇಳಿಸುವ ಕೊನೆಗೌಡನನ್ನು ವಿಚಾರಿಸಿ ಬರುತ್ತಾರೆ. ಅವನು ಯಾವ ತೋಟಕ್ಕೆ ಯಾವತ್ತು ಬರುತ್ತಾನೆ ಎಂದು ತಿಳಿದ ಮೇಲೆ ಕ್ಯಾಲೆಂಡರಿನಲ್ಲಿ ತಾರೀಕಿಗೆ ಗುರುತು ಹಾಕುತ್ತೇವೆ.