ಮನೆಯಿಂದ ಹೊರಟ ಅಕ್ಷತೆ: ಜೈನ ನಿತ್ಯಪೂಜೆಯೂ ದತ್ತಿಶಾಸನವೂ

ಮಸ್ಕಿ ಎಂದೊಡನೆ ನೆನಪಾಗುವುದು 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ. ಆ ಬಂಡೆಯ ಕೀರ್ತಿಯ ಮರೆಯಲ್ಲಿ ಈ ಸೀಮೆಯ ಜೈನ ಚರಿತ್ರೆ ಮಂಕಾಗಿದೆ. ಇಲ್ಲಿಂದ ನೋಡಿದರೆ ನೈರುತ್ಯಕ್ಕೆ ಕೊಪ್ಪಳ, ಅಂದರೆ ಕವಿರಾಜಮಾರ್ಗ ಹೆಸರಿಸುವ ಕೊಪಣ. ಬಡಗಣಕ್ಕೆ ಮಳಖೇಡ, ಅಮೋಘವರ್ಷನ ಮಾನ್ಯಖೇಟ. ಒಂದು ತೀರ್ಥ, ಇನ್ನೊಂದು ರಾಜಧಾನಿ. ಬಸದಿಯ ನಿತ್ಯಪೂಜೆಯ ಸ್ವರೂಪವನ್ನು ಅರಿಯಲು ಎರಡೂ ಬೇಕು.

ಅಮೋಘವರ್ಷನ ಗೌರವಕ್ಕೆ ಪಾತ್ರನಾಗಿದ್ದ ಜಿನಸೇನ ತನ್ನ ಸಂಸ್ಕೃತ ಆದಿಪುರಾಣದ 38ನೆಯ ಪರ್ವದಲ್ಲಿ ಪೂಜೆಯನ್ನು ನಾಲ್ಕು ಬಗೆಯಾಗಿ ಹೇಳುತ್ತಾನೆ. ಮೊದಲನೆಯದು ಸದಾರ್ಚನ, ಅಥವಾ ನಿತ್ಯಮಹ. ಅವನ ಪ್ರಕಾರ ಗಂಧ, ಪುಷ್ಪ, ಅಕ್ಷತೆಗಳನ್ನು ದಿನವೂ ತನ್ನ ಮನೆಯಿಂದಲೇ ಜಿನಗೃಹಕ್ಕೆ ಒಯ್ಯುವುದು ನಿತ್ಯಪೂಜೆ. ಬಿಂಬ, ಚೈತ್ಯಾಲಯಗಳನ್ನು ಮಾಡಿಸುವುದೂ ಶಾಸನ ಬರೆಯಿಸಿ ಗ್ರಾಮಾದಿಗಳನ್ನು ದಾನ ಕೊಡುವುದೂ ಅದರಲ್ಲೇ ಸೇರುತ್ತವೆ. ದತ್ತಿಯನ್ನು ಪೂಜೆಯ ಖರ್ಚಿಗೆ ಒದಗಿಸಿದ ಹಣವೆಂದು ಓದುವ ನಮ್ಮ ರೂಢಿಗೆ ಈ ಮಾತು ಒಗ್ಗುವುದಿಲ್ಲ. ಇಲ್ಲಿ ದತ್ತಿಯೇ ಪೂಜೆ.

'ತನ್ನ ಮನೆಯಿಂದ' ಎಂಬ ಷರತ್ತು ಏಕೆ? ಉತ್ತರ ದಿಗಂಬರ ಬಸದಿಯ ಬೆಳಗಿನ ವಿಧಿಯಲ್ಲಿದೆ. ಅಭಿಷೇಕವಾದ ಮೇಲೆ ಆಹ್ವಾನ, ಸ್ಥಾಪನ, ಸನ್ನಿಧೀಕರಣ. ಅನಂತರ ಜಲ, ಗಂಧ, ಅಕ್ಷತೆ, ಪುಷ್ಪ, ಚರು, ದೀಪ, ಧೂಪ, ಫಲಗಳ ಅಷ್ಟವಿಧಾರ್ಚನೆ. ಪ್ರತಿ ದ್ರವ್ಯಕ್ಕೂ ಒಂದು ಉದ್ದೇಶವಿದೆ: ಜಲ ಜನ್ಮ, ಜರಾ, ಮೃತ್ಯುಗಳ ನಾಶಕ್ಕೆ, ಅಕ್ಷತೆ ಅಕ್ಷಯಪದಕ್ಕೆ, ಪುಷ್ಪ ಕಾಮಬಾಣ ಮುರಿಯಲು, ಚರು ಹಸಿವೆಂಬ ರೋಗ ತೀರಲು, ಧೂಪ ಅಷ್ಟಕರ್ಮ ಸುಡಲು. ಜಿನನಿಗೆ ಹಸಿವಿಲ್ಲ. ನೈವೇದ್ಯ ಇಡುವವನ ಹಸಿವಿನ ಮಾತು ಅದು. ವೀತರಾಗ ಕೊಳ್ಳುವುದೂ ಇಲ್ಲ, ಕೊಡುವುದೂ ಇಲ್ಲ. ಆದ್ದರಿಂದ ಅರ್ಪಿಸಿದ್ದು ನಿರ್ಮಾಲ್ಯ; ಅದನ್ನು ಪ್ರಸಾದವೆಂದು ಮರಳಿ ಪಡೆಯುವಂತಿಲ್ಲ. ಭಕ್ತ ಹಣೆಗೆ, ಕಣ್ಣಿಗೆ ಒತ್ತಿಕೊಳ್ಳುವುದು ಅಭಿಷೇಕದ ನೀರಾದ ಗಂಧೋದಕ ಮಾತ್ರ. ಹೀಗೆ ಪೂಜೆಯ ಸಾರವೆಲ್ಲ ಬಿಡುವುದರಲ್ಲಿದೆ, ಬಿಡಬೇಕಾದರೆ ವಸ್ತು ತನ್ನದಾಗಿರಬೇಕು.

ಶ್ವೇತಾಂಬರ ಮೂರ್ತಿಪೂಜಕರಲ್ಲೂ ದ್ರವ್ಯ ಎಂಟೇ, ಕ್ರಮ ಬೇರೆ. ಜಲ, ಚಂದನ, ಪುಷ್ಪ ಬಿಂಬವನ್ನು ಮುಟ್ಟುವ ಅಂಗಪೂಜೆ; ಉಳಿದ ಐದು ಎದುರಿಗಿಡುವ ಅಗ್ರಪೂಜೆ. ಅಲ್ಲಿ ಮೊದಲ ಪೂಜೆಯ ಹಕ್ಕನ್ನು ಬೋಲಿ (ಹರಾಜು) ಕೂಗಿ ಪಡೆಯುತ್ತಾರೆ, ಲೆಕ್ಕ ಮಣ ತುಪ್ಪದಲ್ಲಿ. ನಮ್ಮ ಬಸದಿಗಳ ಅಭಿಷೇಕದ ಸವಾಲೂ ಇದೇ ಜಾತಿಯದು. ಇದನ್ನು ಬರಿಯ ಹಣದಾಟವೆಂದು ಹಳಿಯುವುದು ಅವಸರದ ತೀರ್ಪು. ಜಿನಸೇನನ ಕಣ್ಣಿಂದ ನೋಡಿದರೆ ಅದೂ ಮನೆಯಿಂದ ಒಯ್ದದ್ದೇ.

ಶ್ರವಣಬೆಳಗೊಳದ 13ನೆಯ ಶತಮಾನದ ಶಾಸನಗಳಲ್ಲಿ ಗೊಮ್ಮಟದೇವರ ನಿತ್ಯಾಭಿಷೇಕದ ಹಾಲಿಗೆಂದು ಗದ್ಯಾಣ ಇಟ್ಟು, ಬಡ್ಡಿಯಿಂದ ಮಾನದ ಅಳತೆಯಲ್ಲಿ ಹಾಲು ಸಲ್ಲುವಂತೆ ಕಟ್ಟಿದ್ದಾರೆ. ದಾನಿ ಸತ್ತ ಮೇಲೂ ಹಾಲು ಅವನ ಮನೆಯಿಂದಲೇ ಹೊರಡುತ್ತದೆ. ಆದರೆ ಇದಕ್ಕೆ ತೆತ್ತ ಬೆಲೆಯೂ ಉಂಟು. ಒಯ್ಯುವ ಕೈ ಗೃಹಸ್ಥನದಾಗಿ ಉಳಿಯದೆ ಬಸದಿಯ ಪುರೋಹಿತ ಉಪಾಧ್ಯೆಯದಾಯಿತು. ದತ್ತಿಯಾಗಿ ಬಿಟ್ಟ ಹೊಲ ಕೈತಪ್ಪಿದಲ್ಲಿ ಪೂಜೆಯೂ ನಿಂತಿತು. ಕೊಪಣದ ಭಕ್ತರು ನೋಂಪಿಯ ವ್ರತಕ್ಕೆಂದು ಮಾಡಿಸಿದ ಚೌವೀಸ (ಇಪ್ಪತ್ನಾಲ್ಕು) ತೀರ್ಥಂಕರರ ಬಿಂಬ ಇಂದು ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹದಲ್ಲಿದೆ. ಪೀಠದ ಕನ್ನಡ ಬರಹ ಉಳಿದಿದೆ, ಅಭಿಷೇಕವಿಲ್ಲ.

ಶಾಸನ ಸಂಪಾದಕರು 'ಪೂಜೆಗಾಗಿ ದಾನ' ಎಂದು ಒಂದೇ ಮಾತಿನಲ್ಲಿ ಸಾರಾಂಶ ಕೊಡುವುದನ್ನು ಬಿಡಬೇಕು. ಅಷ್ಟವಿಧಾರ್ಚನೆ, ಖಂಡಸ್ಫುಟಿತ ಜೀರ್ಣೋದ್ಧಾರ, ಋಷಿಯರ ಆಹಾರದಾನ ಎಂಬ ಪದಗಳನ್ನು ಅವು ಬಂದ ಕ್ರಮದಲ್ಲೇ, ಅಳತೆ ಸಮೇತ, ಪಟ್ಟಿ ಮಾಡಿ ಕೊಡಲಿ.