ಶೋಧನೆ ಯಾರದು?

ಕನ್ನಡದಲ್ಲಿ ‘ಶೋಧಿಸು’ ಎಂಬ ಕ್ರಿಯಾಪದಕ್ಕೆ ಬಿಡುವೇ ಇಲ್ಲ. ಹಿಟ್ಟು ಜರಡಿ ಹಿಡಿಯುವವರಿಗೆ ಅದು ಬೇಕು, ವಾರಂಟು ಹಿಡಿದು ಮನೆಗೆ ಬರುವ ಪೊಲೀಸರಿಗೂ ಬೇಕು. ಹೊಳೆಯಲ್ಲಿ ಯಾರಾದರೂ ಕೊಚ್ಚಿಹೋದರೆ ಮರುದಿನದ ಪತ್ರಿಕೆಯಲ್ಲಿ ‘ಶೋಧ ಕಾರ್ಯ’. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವಾಗ ಮುಂದೊಂದು ‘ಸಂ’ ಸೇರಿಸಿಕೊಂಡು ಗಂಭೀರವಾಗಿಬಿಡುತ್ತದೆ. ಆಯುರ್ವೇದದವರ ಬಳಕೆ ಎಲ್ಲಕ್ಕಿಂತ ಖಚಿತ. ಅವರಲ್ಲಿ ಚಿಕಿತ್ಸೆ ಎರಡು ಬಗೆ: ಶಮನ ಮತ್ತು ಶೋಧನ. ಶಮನವೆಂದರೆ ದೋಷವನ್ನು ಇದ್ದಲ್ಲೇ ತಣಿಸುವುದು. ಶೋಧನವೆಂದರೆ ವಮನ, ವಿರೇಚನ ಮಾಡಿಸಿ ಒಳಗಿನದನ್ನು ಹೊರಗೆ ತರುವುದು. ರೋಗಿಗೆ ಯಾವುದು ಇಷ್ಟ ಎಂದು ಕೇಳಬೇಕಾಗಿಯೇ ಇಲ್ಲ.

ಚರ್ಚಿನ ಕನ್ನಡದಲ್ಲಿ ಈ ಪದದ ಬದುಕು ಬೇರೆ. ಕರ್ತನ ಪ್ರಾರ್ಥನೆಯ ಕೊನೆಯ ಬೇಡಿಕೆಗಳಲ್ಲಿ ಅದು ಬರುವುದರಿಂದ ಮಾತು ಕಲಿಯುವ ಮಕ್ಕಳ ಬಾಯಲ್ಲೂ ಇದೆ. ದೊಡ್ಡವರ ಬಾಯಲ್ಲಿ ಅದರ ವ್ಯಾಪ್ತಿ ಹಿಗ್ಗುತ್ತದೆ. ಕೆಲಸ ಹೋಯಿತು, ಶೋಧನೆ. ನಿಶ್ಚಯವಾದ ಮದುವೆ ಮುರಿಯಿತು, ಶೋಧನೆ. ಸ್ಕ್ಯಾನಿನಲ್ಲಿ ಏನೋ ಕಂಡಿತು, ‘ದೊಡ್ಡ ಶೋಧನೆ ಬಂದುಬಿಡ್ತು, ಪ್ರಾರ್ಥನೆಯಲ್ಲಿ ನೆನಪಿಸಿಕೊಳ್ಳಿ.’ ಸೈತಾನನಿಗೂ ಕನ್ನಡ ಬೈಬಲು ‘ಶೋಧಕ’ನೆಂದು ಹೆಸರಿಟ್ಟಿದೆ, ಪಿಎಚ್‌.ಡಿ. ಮಾಡುತ್ತಿರುವ ಕ್ರೈಸ್ತ ಮಿತ್ರರು ಆ ‘ಸಂ’ ಉಪಸರ್ಗಕ್ಕೆ ಋಣಿಗಳಾಗಿರಬೇಕು.

ಒಂದೇ ಪದದಲ್ಲಿ ಸೈತಾನನ ಸಂಚೂ ದೇವರ ಪರೀಕ್ಷೆಯೂ ಇರುವುದು ಕನ್ನಡ ಅನುವಾದಕರ ಅಜಾಗರೂಕತೆಯಲ್ಲ. ಮೂಲ ಗ್ರೀಕಿನ ‘ಪೆಯ್ರಾಸ್ಮೊಸ್’ ಎಂಬ ಪದವೇ ಹಾಗೆ. ಆಮಿಷವೂ ಅದೇ, ಒರೆಗಲ್ಲೂ ಅದೇ. ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯವನ್ನೇ ನೋಡಿ. ನಾನಾ ಬಗೆಯ ಶೋಧನೆಗಳು ಬಂದಾಗ ಸಂತೋಷಪಡಿ, ಅದರಿಂದ ತಾಳ್ಮೆ ಹುಟ್ಟುತ್ತದೆ ಎಂದು ಆರಂಭಿಸಿದವನು ಹತ್ತು ವಚನ ದಾಟುವುದರೊಳಗೆ, ದೇವರು ಯಾರನ್ನೂ ಕೆಟ್ಟದ್ದಕ್ಕೆ ಎಳೆಯುವುದಿಲ್ಲ, ಹಾಗೆಂದು ಯಾರೂ ಹೇಳಬಾರದು ಎಂದು ಗದರಿಸುತ್ತಾನೆ. ಎರಡೂ ಕಡೆ ಗ್ರೀಕಿನಲ್ಲಿ ಒಂದೇ ಧಾತು. ಈ ಗಂಟು ಇಂದಿಗೂ ಪೂರ್ತಿ ಬಿಚ್ಚಿಲ್ಲ. ಫ್ರೆಂಚ್ ಕಥೋಲಿಕರು 2017ರ ಡಿಸೆಂಬರಿನಲ್ಲಿ ಕರ್ತನ ಪ್ರಾರ್ಥನೆಯ, ನಮ್ಮನ್ನು ಶೋಧನೆಗೆ ಒಳಪಡಿಸಬೇಡ ಎಂಬ ಆ ಸಾಲನ್ನೇ ಬದಲಿಸಿದರು. ತಂದೆಯಾದವನು ಮಗುವನ್ನು ಬೀಳಲೆಂದು ತಳ್ಳುವುದಿಲ್ಲ ಎಂಬುದು ಆಗ ಪೋಪ್ ಫ್ರಾನ್ಸಿಸ್ ಆಡಿದ ಮಾತಿನ ತಾತ್ಪರ್ಯ. ಇಟಲಿಯವರೂ ಆಮೇಲೆ ತಮ್ಮ ಸಾಲನ್ನು ತಿದ್ದಿಕೊಂಡರು.

ನಮ್ಮ ಪದಕ್ಕೆ ಗ್ರೀಕಿನಲ್ಲಿಲ್ಲದ ಒಂದು ಹೊರೆ ಇದೆ. ಪರೀಕ್ಷೆಯಲ್ಲಿ ಫೇಲಾಗಬಹುದು, ಆಮಿಷಕ್ಕೆ ಬಲಿಯಾಗಬಹುದು. ಶೋಧನೆಯ ಹೊಟ್ಟೆಯಲ್ಲಾದರೋ ‘ಶುದ್ಧ’ ಕೂತಿದೆ. ಕಷ್ಟಕ್ಕೆ ಶೋಧನೆ ಎಂದು ಹೆಸರಿಟ್ಟ ಗಳಿಗೆಯಲ್ಲೇ, ಇದರಿಂದ ಏನೋ ಶುದ್ಧವಾಗಿ ಹೊರಬರುತ್ತದೆ ಎಂದು ನಾವು ಮುಂಗಡ ತೀರ್ಪು ಕೊಟ್ಟಾಯಿತು. ಈ ತೀರ್ಪು ಕೊಡುವ ಹಕ್ಕು ಯಾರಿಗಿದೆ ಎಂಬುದೇ ನನ್ನ ತಕರಾರು.

ಹಕ್ಕಿದ್ದವರೊಬ್ಬರ ಕತೆ ಕನ್ನಡಕ್ಕೂ ಸಂಬಂಧಪಟ್ಟದ್ದು. 1812ರ ಮಾರ್ಚ್ 11ರ ಸಂಜೆ ಬಂಗಾಳದ ಸೆರಾಂಪುರದಲ್ಲಿ ಬ್ಯಾಪ್ಟಿಸ್ಟ್ ಮಿಷನರಿಗಳ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಆ ಮಿಷನರಿಗಳಲ್ಲೊಬ್ಬರಾದ ಬೈಬಲ್ ಅನುವಾದಕ ವಿಲಿಯಂ ಕೇರಿ ಆಗ ಕಲ್ಕತ್ತದಲ್ಲಿದ್ದರು. ಸುದ್ದಿ ಮುಟ್ಟಿಸಲು ಸಂಗಡಿಗ ಜೋಶುವಾ ಮಾರ್ಷ್‌ಮನ್ ಹೋಗಬೇಕಾಯಿತು. ಕಾಗದದ ದಾಸ್ತಾನು, ಹತ್ತಾರು ಭಾಷೆಗಳ ಅಚ್ಚಿನ ಮೊಳೆಗಳು, ಕೇರಿ ವರ್ಷಗಟ್ಟಲೆ ಕೂಡಿಸಿದ್ದ ಬಹುಭಾಷಾ ನಿಘಂಟಿನ ಸಾಮಗ್ರಿ, ತೆಲುಗು ವ್ಯಾಕರಣದ ಪ್ರತಿ ಎಲ್ಲವೂ ಹೋದವು. ಅವರ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಆ ಬೂದಿಯಲ್ಲಿತ್ತು. ಛಾಯಾಪ್ರತಿ, ನಕಲು ಯಾವುದೂ ಇಲ್ಲದ ಕಾಲ. ಮುಂದಿನ ಪ್ರವಚನಕ್ಕೆ ಕೇರಿ ಎತ್ತಿಕೊಂಡದ್ದು 46ನೆಯ ಕೀರ್ತನೆಯ ಹತ್ತನೆಯ ವಚನವನ್ನು. ಸುಮ್ಮನಿರಿ, ನಾನೇ ದೇವರೆಂದು ತಿಳಿಯಿರಿ ಎಂಬ ಭಾವದ ಮಾತು ಅದು. ದೇವರಿಗೆ ತನ್ನದನ್ನು ಹಿಂತೆಗೆಯುವ ಅಧಿಕಾರವಿದೆ, ನಮ್ಮ ಪಾಲಿನದು ಒಪ್ಪಿಕೊಳ್ಳುವುದು ಎಂಬುದು ಅವರ ನಿಲುವು. ತಮ್ಮನ್ನು ನೆಲಕ್ಕಿಳಿಸಿದ್ದು ತಾವು ಇನ್ನಷ್ಟು ಸರಳವಾಗಿ ದೇವರತ್ತ ನೋಡಲೆಂದೇ ಎಂದೂ ಅವರು ಭಾವಿಸಿದರು.

ಬೋಧಕರಿಗೆ ಈ ಕತೆಯ ಉತ್ತರಾರ್ಧ ಪ್ರಿಯ. ಮುದ್ರಣಯಂತ್ರಗಳು ಉಳಿದಿದ್ದವು. ಬೂದಿ ಕೆದಕಿದಾಗ ಅಕ್ಷರ ಎರಕಹೊಯ್ಯುವ ಪಡಿಯಚ್ಚುಗಳು ಹಾಳಾಗದೆ ಸಿಕ್ಕವು. ಕರಗಿ ಗಟ್ಟಿಯಾಗಿದ್ದ ಲೋಹವನ್ನೇ ಮತ್ತೆ ಎರಕಹೊಯ್ದರು. ಸುದ್ದಿ ತಲುಪಿದ ಎರಡು ತಿಂಗಳೊಳಗೆ ಬ್ರಿಟನ್ನಿನಲ್ಲಿ ನಷ್ಟ ತುಂಬುವಷ್ಟು ಹಣ ಕೂಡಿತು. 1817ರಲ್ಲಿ ಕೇರಿಯವರ ಕನ್ನಡ ವ್ಯಾಕರಣ ಅದೇ ಸೆರಾಂಪುರದಲ್ಲಿ ಅಚ್ಚಾಯಿತು. ಹೀಗೆ ಹೇಳಿದರೆ ಶೋಧನೆ ಎಂಬುದು ಒಳ್ಳೆಯ ಬಡ್ಡಿ ತರುವ ಠೇವಣಿಯಂತೆ ಕಾಣುತ್ತದೆ. ನನಗೆ ಪೂರ್ವಾರ್ಧವೇ ಸಾಕು. ಹಣ ಬರುತ್ತದೋ ಇಲ್ಲವೋ ಗೊತ್ತಿಲ್ಲದಾಗ ಐವತ್ತು ದಾಟಿದ ಮನುಷ್ಯ ಹೋದ ಅನುವಾದಕ್ಕೆ ಮತ್ತೆ ಮೊದಲ ಪುಟದಿಂದ ಕೂತ. ವಿಶ್ವಾಸ ಎಂದು ಕಥೋಲಿಕರು, ನಂಬಿಕೆ ಎಂದು ಪ್ರಾಟೆಸ್ಟೆಂಟರು ಕರೆಯುವುದು ಆ ಕೂರುವುದನ್ನೇ ಇರಬೇಕು.

ಆದರೆ ಅದೇ ಮನೆಯಲ್ಲಿ ಇನ್ನೊಬ್ಬರಿದ್ದರು. ಕೇರಿಯವರ ಹೆಂಡತಿ ಡೊರೊಥಿಗೆ ಇಂಡಿಯಾಕ್ಕೆ ಬರುವ ಮನಸ್ಸೇ ಇರಲಿಲ್ಲ. ಕಡೆಗಳಿಗೆಯ ಒತ್ತಾಯಕ್ಕೆ ಮಣಿದು 1793ರಲ್ಲಿ ಹಡಗು ಹತ್ತಿದಾಕೆ. ಮರುವರ್ಷವೇ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಆಮೇಲೆ ಅವಳ ಬುದ್ಧಿ ಸ್ಥಿಮಿತ ಕಳೆದುಕೊಂಡಿತು. ಭ್ರಮೆ, ಗಂಡನ ಮೇಲೆ ಅನುಮಾನ, ಕೋಣೆಯೊಳಗೆ ಕೂಡಿಹಾಕಿದ ದಿನಗಳು. ಪಕ್ಕದ ಕೋಣೆಯಲ್ಲಿ ಅನುವಾದ ಸಾಗುತ್ತಿತ್ತು. 1807ರ ಡಿಸೆಂಬರಿನಲ್ಲಿ ಆಕೆ ಸತ್ತಳು. ಭಕ್ತರು ಬರೆದ ಜೀವನಚರಿತ್ರೆಗಳಲ್ಲಿ ಇದು ‘ಕೇರಿಯವರ ಶೋಧನೆಗಳು’ ಎಂಬ ಬಾಬ್ತಿಗೆ ಸೇರಿಬಿಡುತ್ತದೆ. ಗಂಡ ತಾಳಿಕೊಂಡ, ಮಾಗಿದ, ನಿಜ. ಡೊರೊಥಿಯೊಳಗೆ ಯಾವ ಕಿಟ್ಟ ಕಳೆದು ಯಾವ ಚಿನ್ನ ಉಳಿಯಿತು? ಒಬ್ಬರ ಆತ್ಮ ಬೆಳೆಯಲೆಂದು ಇನ್ನೊಬ್ಬರ ಮತಿ ಕೆಡಬೇಕೆಂದು ಕ್ರೈಸ್ತ ಧರ್ಮ ಎಲ್ಲಿಯೂ ಹೇಳಿಲ್ಲ. ಹೇಳುವುದು ನಮ್ಮ ಸಡಿಲ ನಾಲಗೆ.

‘ಇದು ನನಗೆ ಶೋಧನೆ’ ಎಂದು ಒಬ್ಬ ಹೇಳಿದರೆ ಅದು ನಂಬಿಕೆಯ ಮಾತು. ‘ಇದು ನಿನಗೆ ಶೋಧನೆ ಕಣಮ್ಮ’ ಎಂದು ಆಸ್ಪತ್ರೆಯ ಮಂಚದ ಬಳಿ ನಿಂತವರು ಹೇಳಿದರೆ ಅದೇ ಪದ ಮನೆ ಜಪ್ತಿಗೆ ಬಂದ ಪೊಲೀಸರ ‘ಶೋಧ’ವಾಗುತ್ತದೆ: ಒಳಗೆ ಏನೋ ಅಡಗಿಸಿಟ್ಟಿದ್ದೀಯ, ಅದಕ್ಕೇ ಬಂದಿದ್ದೇವೆ. ಉತ್ತಮ ಪುರುಷದಲ್ಲಿ ಸತ್ಯವಾದದ್ದು ಮಧ್ಯಮ ಪುರುಷಕ್ಕೆ ಬರುವಷ್ಟರಲ್ಲಿ ಕ್ರೂರವಾಗಿರುತ್ತದೆ.

ಬೆಳವಣಿಗೆಯ ಮಾತನ್ನು ಪೇತ್ರನಿಂದ ಕೇಳುವುದು ವಾಸಿ. ಗೋಧಿಯನ್ನು ಜಾಲಿಸುವಂತೆ ನಿಮ್ಮನ್ನು ಜಾಲಿಸಲು ಸೈತಾನ ಕೇಳಿಕೊಂಡಿದ್ದಾನೆ ಎಂದು ಯೇಸು ಕಡೆಯ ಊಟದ ರಾತ್ರಿ ಅವನಿಗೆ ಮುನ್ಸೂಚನೆ ಕೊಟ್ಟದ್ದು ಲೂಕನ ಸುವಾರ್ತೆಯಲ್ಲಿದೆ. ಜರಡಿ ಹಿಡಿಯದಂತೆ ತಡೆಯುತ್ತೇನೆ ಎಂದು ಯೇಸು ಹೇಳಲಿಲ್ಲ. ನಿನ್ನ ನಂಬಿಕೆ ಕುಂದದಿರಲೆಂದು ಬೇಡಿಕೊಂಡಿದ್ದೇನೆ ಎಂದ. ಕೋಳಿ ಕೂಗುವ ಮೊದಲು ಪೇತ್ರ ಮೂರು ಸಲ ಆ ಮನುಷ್ಯನನ್ನು ಅರಿಯೆ ಎಂದುಬಿಟ್ಟ. ಶೋಧನೆಯಲ್ಲಿ ಸೋತವನು. ಬೆಂಕಿಯಲ್ಲಿ ಪುಟಗೊಂಡ ಚಿನ್ನಕ್ಕೆ ನಂಬಿಕೆಯನ್ನು ಹೋಲಿಸುವ ಪತ್ರಿಕೆ ಅವನ ಹೆಸರಿನಲ್ಲೇ ಇದೆ. ಗೆದ್ದವರು ಆ ಹೋಲಿಕೆ ಕೊಟ್ಟಿದ್ದರೆ ನಾನು ಇಷ್ಟು ಕಿವಿಗೊಡುತ್ತಿರಲಿಲ್ಲ. ಇನ್ನೂ ಒಂದು ಮಾತು: ಗೆತ್ಸೇಮನೆ ತೋಟದಲ್ಲಿ ಯೇಸುವೇ, ಸಾಧ್ಯವಾದರೆ ಈ ಪಾತ್ರೆ ತನ್ನಿಂದ ತೊಲಗಲಿ ಎಂದು ಬೇಡಿದ. ಶೋಧನೆಗೆ ಎದೆಯೊಡ್ಡಿ ಆಹ್ವಾನ ಕೊಡುವ ವೀರಾವೇಶ ಕ್ರೈಸ್ತ ಪ್ರಾರ್ಥನೆಯಲ್ಲಿಲ್ಲ. ಶಮನವನ್ನೇ ಕೇಳು, ಶೋಧನ ಬಂದರೆ ಕೈ ಬಿಡಿಸಿಕೊಂಡು ಓಡಬೇಡ, ಅಷ್ಟೇ.

ಮಿಕ್ಕವರು ಏನು ಮಾಡಬೇಕೆಂದು ಯೋಬನ ಪುಸ್ತಕ ಹೇಳಿಕೊಟ್ಟಿದೆ, ಓದುವವರು ಕಡಿಮೆ. ಎಲ್ಲವನ್ನೂ ಕಳೆದುಕೊಂಡ ಯೋಬನ ಜೊತೆ ಮೂವರು ಗೆಳೆಯರು ಮೊದಲ ಏಳು ದಿನ ಬಾಯಿ ಬಿಡದೆ ನೆಲದಲ್ಲಿ ಕೂತಿದ್ದರು. ಆಮೇಲೆ ಶುರುವಾದ ಅವರ ವಿವರಣೆ ಇಪ್ಪತ್ತಕ್ಕೂ ಹೆಚ್ಚು ಅಧ್ಯಾಯಗಳ ಜಗಳವಾಯಿತು. ದೇವರ ಪರವಾಗಿ ಅವರು ಆಡಿದ ಒಂದೊಂದು ಮಾತೂ ಭಕ್ತಿಪೂರ್ಣ. ಯೋಬನಾದರೋ ತಾನು ಹುಟ್ಟಿದ ದಿನವನ್ನೇ ಶಪಿಸಿದ, ದೇವರನ್ನು ಕಟಕಟೆಗೆ ಕರೆದ, ಆದರೆ ಬೇರೆ ಯಾರ ಕಡೆಗೂ ತಿರುಗಲಿಲ್ಲ. ಕೊನೆಯ ಅಧ್ಯಾಯದಲ್ಲಿ ದೇವರು ಗೆಳೆಯರಿಗೆ ಹೇಳಿದ: ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ. ಏಳು ಹೋರಿ, ಏಳು ಟಗರು ತಂದು ಅವನ ಬಳಿಗೆ ಹೋಗಿ. ಅವನು ನಿಮಗಾಗಿ ಪ್ರಾರ್ಥಿಸಿದರೆ ಕೇಳುತ್ತೇನೆ.