ದೇವನಹಳ್ಳಿಯ ಸುಲ್ತಾನನ ದೂತರು ಅಟ್ಲಾಂಟಿಕ್‌ನಲ್ಲಿ: ಒಂದು ಹಡಗುದಾರಿಯ ಚರಿತ್ರೆ, 1787–1789

ಟಿಪ್ಪು ಸುಲ್ತಾನ್ ಫ್ರಾನ್ಸಿಗೆ ಕಳಿಸಿದ ರಾಯಭಾರದ ಕಥೆಯನ್ನು ಸಾಮಾನ್ಯವಾಗಿ ವರ್ಸೇಲ್ಸ್ ಅರಮನೆಯ ಬಾಗಿಲಿನಿಂದ ಶುರುಮಾಡುತ್ತಾರೆ. ರೇಷ್ಮೆ, ಜರತಾರಿ, ಹದಿನಾರನೆಯ ಲೂಯಿಯ ಸಿಂಹಾಸನ, ನೋಡಲು ಮುಗಿಬಿದ್ದ ಜನ, ಹೀಗೆ. ಆ ಬಾಗಿಲು ಮುಟ್ಟುವ ಮೊದಲು ಮೈಸೂರಿನ ದೂತರು ಹತ್ತು ತಿಂಗಳಿಗೂ ಹೆಚ್ಚು ಕಾಲ ಕಡಲದಾರಿಯಲ್ಲಿ ಕಳೆದಿದ್ದರು ಎಂಬುದು ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಈ ರಾಯಭಾರ ಏಕೆ ಕೈಗೂಡಲಿಲ್ಲ ಎಂದು ತಿಳಿಯಬೇಕಾದರೆ ದರ್ಬಾರಿನ ವೈಭವಕ್ಕಿಂತ ಹಡಗು ಹೊರಟ ಮತ್ತು ಮುಟ್ಟಿದ ದಿನಾಂಕಗಳನ್ನು ನೋಡುವುದು ಮೇಲು ಎಂದು ನನಗನ್ನಿಸುತ್ತದೆ.

ಟಿಪ್ಪು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. ಕೋಟೆಯ ಸಮೀಪ ಕಲ್ಲುಕಂಬಗಳ ಒಂದು ಪುಟ್ಟ ಆವರಣ ಆ ಜಾಗವನ್ನು ಗುರುತಿಸುತ್ತದೆ. ಅದರ ಹಿಂದಿನ ವರ್ಷವಷ್ಟೇ ತಂದೆ ಹೈದರ್ ಮೈಸೂರು ಸೈನ್ಯದ ಪರವಾಗಿ ಇದೇ ಕೋಟೆಯ ಮುತ್ತಿಗೆಯಲ್ಲಿ ಕಾದಾಡಿ ಹೆಸರು ಮಾಡಿದ್ದ. ಪೂರ್ವದ ಕಡಲಿಗೂ ಪಶ್ಚಿಮದ ಕಡಲಿಗೂ ದೂರವಾದ ಬಯಲುಸೀಮೆಯ ಈ ಊರಲ್ಲಿ ಹುಟ್ಟಿದವನಿಗೆ ಸಮುದ್ರದ ಹಂಬಲ ಬಂದದ್ದು ಕುತೂಹಲಕರ. ಕಾರಣ ರಾಜಕೀಯದ್ದು. ಇಂಗ್ಲಿಷರ ಬಲ ಕಡಲಿನಿಂದ ಬರುತ್ತಿತ್ತು, ಅವರ ವೈರಿಗಳು ಇದ್ದದ್ದೂ ಕಡಲಿನಾಚೆಯೇ.

ಮೊದಲ ಪ್ರಯತ್ನ ಉತ್ತರ ಕನ್ನಡದ ತದಡಿಯಿಂದ. 1786ರ ಮಾರ್ಚ್‌ನಲ್ಲಿ ಗುಲಾಂ ಅಲಿ ಖಾನನ ಮುಂದಾಳ್ತನದಲ್ಲಿ ನಾಲ್ಕು ಹಡಗುಗಳು ಇಸ್ತಾಂಬುಲ್ ಗುರಿಯಾಗಿಸಿ ಹೊರಟವು. ಖ್ವಾಜಾ ಅಬ್ದುಲ್ ಖಾದಿರ್ ಬರೆದಿಟ್ಟ ಪರ್ಷಿಯನ್ ದಿನಚರಿ ಆ ಪ್ರಯಾಣದ ಮುಖ್ಯ ಆಕರ. ಇಸ್ತಾಂಬುಲ್‌ನಿಂದ ಮುಂದೆ ಫ್ರಾನ್ಸಿಗೂ ಇಂಗ್ಲೆಂಡಿಗೂ ಹೋಗಬೇಕೆಂಬ ಆದೇಶ ಆ ತಂಡಕ್ಕಿತ್ತು, ಅದು ನಡೆಯಲಿಲ್ಲ. ಟಿಪ್ಪು ಕಾಯಲಿಲ್ಲ. ಫ್ರಾನ್ಸಿಗೆ ನೇರವಾಗಿ ಇನ್ನೊಂದು ತಂಡವನ್ನು ಕಳಿಸಿದ.

1787ರ ಜುಲೈ 22ರಂದು ಪಾಂಡಿಚೇರಿಯಿಂದ 'ಲೋರೋರ್' ಎಂಬ ಫ್ರೆಂಚ್ ಹಡಗು ಹೊರಟಿತು. ಅದರ ಹೊಣೆ ಪಿಯೆರ್ ಮೊನೆರೋಂನದು. ಹಡಗಿನಲ್ಲಿ ಮೂವರು ರಾಯಭಾರಿಗಳಿದ್ದರು: ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್. ಜೊತೆಗೆ ಪರಿವಾರ, ಅಡುಗೆಯವರು. ಅಡುಗೆಯವರನ್ನು ಕಟ್ಟಿಕೊಂಡು ಹೋದದ್ದು ಬರಿಯ ಠೀವಿಗಲ್ಲ. ಆ ಕಾಲದ ಯುರೋಪಿನ ಹಡಗುಗಳ ಮಾಮೂಲಿ ಊಟವೆಂದರೆ ಒಣಬಿಸ್ಕತ್ತು, ಉಪ್ಪಿಗೆ ಹಾಕಿದ ಹಂದಿಮಾಂಸ, ವೈನು. ಮೂರರಲ್ಲಿ ಎರಡು ಇವರಿಗೆ ನಿಷಿದ್ಧ.

ದಾರಿ ಹೀಗಿತ್ತು: ಮಾರಿಷಸ್ (ಆಗ ಫ್ರೆಂಚರ ಕೈಯಲ್ಲಿತ್ತು), ಆಫ್ರಿಕಾದ ದಕ್ಷಿಣ ತುದಿಯ ಡಚ್ಚರ ಕೇಪ್, ಅಟ್ಲಾಂಟಿಕ್‌ನಲ್ಲಿ ಉತ್ತರಕ್ಕೆ ಸೆನೆಗಲ್ ತೀರದ ಗೊರೆ ದ್ವೀಪ, ಜಿಬ್ರಾಲ್ಟರ್ ಜಲಸಂಧಿ, ಮಲಗಾ, ಕಡೆಗೆ ಟೂಲೋನ್. ಇದರಲ್ಲಿ ಅಟ್ಲಾಂಟಿಕ್‌ನ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೇಪ್ ಬಿಟ್ಟ ಹಾಯಿಹಡಗಿಗೆ ಆಗ್ನೇಯದ ವಾಣಿಜ್ಯ ಮಾರುತ ಬೆನ್ನಿಗೆ ಬೀಸುತ್ತದೆ. ಸಮಭಾಜಕ ವೃತ್ತದವರೆಗೆ ಓಟ ಸಲೀಸು. ಅಲ್ಲಿ ಗಾಳಿಯೇ ಬಿದ್ದುಹೋಗುವ ಪಟ್ಟಿಯೊಂದಿದೆ, ಹಡಗು ದಿನಗಟ್ಟಲೆ ನಿಂತಲ್ಲೇ ನಿಲ್ಲಬಹುದು. ಅದು ದಾಟಿದರೆ ಈಶಾನ್ಯದ ಗಾಳಿ ಎದುರಿಗೇ ಬರುತ್ತದೆ. ಆದ್ದರಿಂದ ಯುರೋಪಿಗೆ ಮರಳುವ ಹಡಗುಗಳು ಪಶ್ಚಿಮಕ್ಕೆ ದೂರ ಸರಿದು, ಅಸೋರಿಸ್ ದ್ವೀಪಗಳ ಕಡೆಯಿಂದ ಸುತ್ತಿ ಬರುವುದು ರೂಢಿ. ಗೊರೆಯಲ್ಲಿ ತಂಗಿದ ಹಡಗಿಗೆ ಆ ಸುತ್ತು ಆರಂಭದಲ್ಲೇ ತಪ್ಪಿದಂತೆ. ಆಫ್ರಿಕಾದ ಅಂಚಿನಿಂದ ಹೊರಟರೆ ಗಾಳಿಯೂ ಎದುರು, ದಕ್ಷಿಣಕ್ಕೆ ಹರಿಯುವ ಪ್ರವಾಹವೂ ಎದುರು.  

ಟೂಲೋನ್ ಮುಟ್ಟಿದ್ದು 1788ರ ಜೂನ್ 9ರಂದು. ಅಂದರೆ ಬಂದರುಗಳ ತಂಗುವಿಕೆ ಸೇರಿ ಸುಮಾರು ಹತ್ತೂವರೆ ತಿಂಗಳು. ವಾಪಸು ದಾರಿಗೆ ಹಿಡಿದದ್ದು ಸುಮಾರು ಆರು ತಿಂಗಳು: ನವೆಂಬರ್‌ನಲ್ಲಿ ಬ್ರೆಸ್ಟ್‌ನಿಂದ 'ತೆತಿಸ್' ಹಡಗಿನಲ್ಲಿ ಹೊರಟವರು 1789ರ ಮೇ ತಿಂಗಳಲ್ಲಿ ಪಾಂಡಿಚೇರಿಯಲ್ಲಿದ್ದರು.

ಪ್ಯಾರಿಸ್ಸಿನ ದಿನಗಳ ಬಗ್ಗೆ ಆಕರಗಳು ಧಾರಾಳ. ಸೇಂಟ್ ಕ್ಲೂ ಉದ್ಯಾನದಲ್ಲಿ ಅವರ ವಿಹಾರವನ್ನು ಆಸ್ಲೆಂ ಎಂಬ ಕಲಾವಿದ ಚಿತ್ರಿಸಿದ. ಕಲಾವಿದೆ ವಿಜೆ ಲೆ ಬ್ರನ್ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು: ಹೂಬಳ್ಳಿಯ ಬಿಳಿ ಮಸ್ಲಿನ್ ಜಾಮಾ, ಕೈಯಲ್ಲಿ ಡೊಂಕು ಕತ್ತಿ, ನೋಟದಲ್ಲಿ ಬಿಗಿ. ಚಿತ್ರ ಮುಗಿದ ಮೇಲೆ ಖಾನ್ ಅದನ್ನು ಕೊಡಲೊಪ್ಪದೆ ಹಾಸಿಗೆಯ ಹಿಂದೆ ಬಚ್ಚಿಟ್ಟನೆಂದು ಆಕೆ ನೆನಪುಗಳಲ್ಲಿ ಬರೆದಿದ್ದಾಳೆ. ದೂತರ ಮನೆಯಲ್ಲಿ ತಾನು ನೆಲದ ಮೇಲೆ ಕೂತು ಉಂಡದ್ದನ್ನೂ. ಆ ಚಿತ್ರ 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 72 ಲಕ್ಷ ಡಾಲರಿಗೆ ಹೋಯಿತು.

ಇನ್ನು ದಿನಾಂಕಗಳು. ರಾಜದರ್ಶನ ಆದದ್ದು 1788ರ ಆಗಸ್ಟ್ 10ರಂದು. ಅದಕ್ಕೆ ಎರಡು ದಿನ ಮೊದಲು, ಆಗಸ್ಟ್ 8ರಂದು, ಲೂಯಿ ಅನಿವಾರ್ಯವಾಗಿ ಮುಂದಿನ ಮೇ ತಿಂಗಳಿಗೆ ರಾಜ್ಯದ ಪ್ರತಿನಿಧಿಗಳ ಮಹಾಸಭೆ ಕರೆದಿದ್ದ. ದರ್ಶನದ ಆರು ದಿನಗಳ ಮೇಲೆ, 16ರಂದು, ಫ್ರಾನ್ಸಿನ ಖಜಾನೆ ಪಾವತಿಗಳನ್ನೇ ತಡೆಹಿಡಿಯಿತು. ದಿವಾಳಿಯ ಅಂಚಿನಲ್ಲಿದ್ದ, ಮೇಲಾಗಿ 1783ರಲ್ಲಿ ಇಂಗ್ಲೆಂಡಿನೊಡನೆ ಶಾಂತಿ ಒಪ್ಪಂದ ಮಾಡಿಕೊಂಡಿದ್ದ ಅರಸನ ಮುಂದೆ ಸೈನಿಕ ಮೈತ್ರಿಯ ಕೋರಿಕೆ ಬಂದು ನಿಂತಿತ್ತು. ಪ್ರಯಾಣ ಚುರುಕಾಗಿದ್ದರೆ ಉತ್ತರ ಬೇರೆಯಾಗುತ್ತಿತ್ತೆ? ಒಪ್ಪಂದ ಇರುವ ತನಕ ಅದು ಅನುಮಾನವೇ. ಆದರೆ ಕಡಲು ತಿಂದ ಕಾಲ ಇನ್ನೊಂದು ಕೆಡುಕು ಮಾಡಿತು. ಟಿಪ್ಪುವಿಗೆ 'ಇಲ್ಲ' ಎಂಬ ಉತ್ತರ ಮುಟ್ಟಲು ಎರಡು ವರ್ಷಕ್ಕೆ ಹತ್ತಿರ ಹಿಡಿಯಿತು, ಅಷ್ಟು ದಿನವೂ ಆಸೆ ಜೀವಂತವಾಗಿತ್ತು. ದೂತರ ಜೊತೆ ಬಂದದ್ದು ಸೆವ್ರ್ ಪಿಂಗಾಣಿಯಂಥ ಉಡುಗೊರೆಗಳು. ಅವನು ಕೇಳಿದ್ದ ಕುಶಲಕರ್ಮಿಗಳು ಮತ್ತು ಬೀಜಗಳ ಮಟ್ಟಿಗೆ ಸ್ವಲ್ಪ ಸಹಕಾರ. ಸೈನ್ಯ ಬರಲಿಲ್ಲ. ದೂತರು ಮರಳಿದ ಎರಡು ತಿಂಗಳಲ್ಲಿ ಪ್ಯಾರಿಸ್ಸಿನ ಬಾಸ್ಟೀಲ್ ಉರುಳಿತು. 1791ರಲ್ಲಿ ಇಂಗ್ಲಿಷರ ಕಾರ್ನ್‌ವಾಲಿಸ್‌ನ ಸೈನ್ಯ ದೇವನಹಳ್ಳಿ ಕೋಟೆಯನ್ನು ವಶಪಡಿಸಿಕೊಂಡಿತು.

ದಶಕದ ಕೊನೆಗೆ ಟಿಪ್ಪು ಮತ್ತೆ ಫ್ರೆಂಚರ ಕಡೆಗೆ ದೂತರನ್ನು ಕಳಿಸಿದಾಗ ಅವರು ಮಾರಿಷಸ್ ದಾಟಲಿಲ್ಲ. ಗುಟ್ಟಾಗಿರಬೇಕಿದ್ದ ಅವರ ಕೋರಿಕೆಯನ್ನು ಅಲ್ಲಿನ ಗವರ್ನರ್ ಮಲಾರ್ತಿಕ್ 1798ರ ಜನವರಿ 30ರಂದು ಬಹಿರಂಗ ಪ್ರಕಟಣೆಯಾಗಿ ಹೊರಡಿಸಿಬಿಟ್ಟ. ಮಂಗಳೂರಿಗೆ ಬಂದಿಳಿದ ಸ್ವಯಂಸೇವಕರು ನೂರರ ಆಸುಪಾಸು. ಆ ಪ್ರಕಟಣೆಯನ್ನೇ ಇಂಗ್ಲಿಷರ ಗವರ್ನರ್ ಜನರಲ್ ವೆಲ್ಲೆಸ್ಲಿ ಯುದ್ಧಕ್ಕೆ ನೆಪ ಮಾಡಿಕೊಂಡ.